ಕಣ್ಣಿಗೆ ಕೊಟ್ಟ ಮಾತು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಆ ಮಾತು ಹುಟ್ಟಿದಾಗ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರೋ ಏನೋ! ಏಕೆಂದರೆ ಕ್ಯಾಮೆರಾದ ಸಾಕ್ಷ್ಯವನ್ನು ನಾವು ನೆರೆಯವನ ಮಾತಿಗಿಂತ ಹೆಚ್ಚಾಗಿ ನಂಬುತ್ತೇವೆ. ನನ್ನ ಹೊಟ್ಟೆ ತುಂಬುತ್ತಿರುವುದು ಈ ನಂಬಿಕೆಯಿಂದಲೇ. ಹೋಟೆಲುಗಳಿಗೂ ಮಸಾಲೆಪುಡಿಯ ಕಂಪನಿಗಳಿಗೂ ತಿನಿಸಿನ ಚಿತ್ರ ತೆಗೆದುಕೊಡುವುದು, ರೂಪದರ್ಶಿಗಳಾಗಬಯಸುವ ತರುಣ ತರುಣಿಯರಿಗೆ ಪೋರ್ಟ್‌ಫೋಲಿಯೋ ಎಂಬ ಚಿತ್ರಸಂಪುಟ ತಯಾರಿಸುವುದು ನನ್ನ ಕಸುಬು. ಇಂಥವನು ಸತ್ಯಾಸತ್ಯದ ವಿಚಾರ ಎತ್ತಿದರೆ ಓದುಗರು ನಗಬಹುದು. ನಗಲಿ. ಆದರೆ ಸುಳ್ಳಿನ ಗಡಿ ಎಲ್ಲಿದೆ ಎಂಬುದನ್ನು ಆ ಗಡಿಯ ಅಂಚಿನಲ್ಲೇ ಮನೆ ಮಾಡಿಕೊಂಡವನಲ್ಲದೆ ಇನ್ನಾರು ಹೇಳಬೇಕು?

ನನ್ನ ಊರು ಕೃಷ್ಣಾ ತೀರದ ಗಲಗಲಿ. ಅಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದ ಮೇಲೆ ಹಸಿವಿಗೆ ಬೇರೆ ಜಾಹೀರಾತು ಬೇಕಾಗಿಲ್ಲ. ಆದರೆ ಹಂಚಿನ ಮೇಲಿನ ಜೋಳದ ರೊಟ್ಟಿಯ ಉಬ್ಬು ಎಷ್ಟು ಹೊತ್ತಿನದು? ನಾವು ದೀಪ ಹೊಂದಿಸುವಷ್ಟರಲ್ಲಿ ಅದು ಕುಸಿದಿರುತ್ತದೆ. ಎಣಗಾಯಿಯ ಹೊಳಪು ಮಂಕಾಗಿರುತ್ತದೆ. ಆದ್ದರಿಂದ ಬದನೆಕಾಯಿಯನ್ನು ಅರ್ಧವೇ ಬೇಯಿಸಿ, ಕುಂಚದಿಂದ ಎಣ್ಣೆ ಸವರುತ್ತೇವೆ. ಸೊಪ್ಪಿನ ಮೇಲೆ ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿ ಮುಂಜಾವಿನ ಇಬ್ಬನಿ ಎನ್ನಿಸುತ್ತೇವೆ. ಇಂಥದೊಂದು ಚಿತ್ರವನ್ನು ಊರಿನ ಹಿರಿಯ ಹೆಂಗಸೊಬ್ಬರಿಗೆ ತೋರಿಸಿದೆ.

“ಚೊಲೋ ಐತಿ ತಮ್ಮಾ, ಉಣ್ಣಾಕ ಬರತೈತೇನು?” ಎಂದರು.

“ಬರಂಗಿಲ್ಲ ಯವ್ವಾ,” ಎಂದೆ.

“ಹಂಗಾರ ಇದು ಯಾರಿಗೆ ಬಡಿಸಿದ್ದು?”

ಅವರು ಕೇಳಿದ್ದು ಕುತೂಹಲಕ್ಕೆ. ನನಗೆ ಮಾತ್ರ ನಮ್ಮ ಕಸುಬಿನ ನೀತಿಶಾಸ್ತ್ರವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದಂತೆ ತೋರಿತು.

ಅಲಂಕರಿಸಿದ್ದೆಲ್ಲ ಸುಳ್ಳಲ್ಲ. ನಮ್ಮ ಸೀಮೆಯ ಮುಧೋಳದಲ್ಲಿ ಹುಟ್ಟಿದ ರನ್ನ ಸಾವಿರ ವರ್ಷಗಳ ಹಿಂದೆ ಗದಾಯುದ್ಧವನ್ನು ಬರೆದಾಗ, ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಸಾಕ್ಷಾತ್ ಭೀಮನೊಡನೆ ಒಂದಾಗಿಸಿದ. ಹಾಗೆಂದು ಕವಿ ತಮಗೆ ಮೋಸ ಮಾಡಿದನೆಂದು ಯಾರೂ ದೂರಲಿಲ್ಲ. ಅತಿಶಯೋಕ್ತಿಯನ್ನು ನಮ್ಮ ಲಾಕ್ಷಣಿಕರು ಅಲಂಕಾರಗಳಲ್ಲಿ ಒಂದೆಂದು ಎಣಿಸಿದರೇ ಹೊರತು ಅಪರಾಧವೆಂದಲ್ಲ. ಹೇಳುವವನಿಗೂ ಕೇಳುವವನಿಗೂ ಅದು ಅತಿಶಯವೆಂದು ಗೊತ್ತು. ಗೊತ್ತಿದ್ದು ಒಪ್ಪಿದ ಮೇಲೆ ವಂಚನೆ ಎಲ್ಲಿ ಬಂತು?

ಫೋಟೋದ ತೊಡಕು ಇರುವುದೇ ಇಲ್ಲಿ. ಅದು ಕಾವ್ಯದಂತೆ ಅಲಂಕರಿಸುತ್ತದೆ, ಆದರೆ ಸಾಕ್ಷಿಯಂತೆ ಮಾತನಾಡುತ್ತದೆ. ಅಮೆರಿಕದಲ್ಲಿ ಕೋಲ್ಗೇಟ್–ಪಾಮೋಲಿವ್ ಕಂಪನಿ ತನ್ನ ಕ್ಷೌರದ ನೊರೆ ಹಚ್ಚಿದರೆ ಉಪ್ಪುಕಾಗದವನ್ನು ಕೂಡ ಕ್ಷಣದಲ್ಲಿ ಬೋಳಿಸಬಹುದೆಂದು ಟೆಲಿವಿಷನ್ನಿನಲ್ಲಿ ತೋರಿಸಿತು. ತೋರಿಸಿದ್ದು ಉಪ್ಪುಕಾಗದವಲ್ಲ, ಮರಳು ಉದುರಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ನಿಜವಾದ ಕಾಗದವನ್ನು ಸುಮಾರು 80 ನಿಮಿಷ ನೆನೆಸಬೇಕಾಗಿತ್ತು. 1965ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ವಂಚನೆಯೆಂದಿತು. ಐಸ್‌ಕ್ರೀಮ್ ದೀಪದ ಶಾಖಕ್ಕೆ ಕರಗುವುದರಿಂದ ಅದರ ಬದಲು ಆಲೂಗಡ್ಡೆಯ ಮುದ್ದೆ ಇಡುತ್ತಾರಲ್ಲ, ಅದರ ಗತಿಯೇನು ಎಂಬ ಪ್ರಶ್ನೆಯೂ ಬಂತು. ಅದು ಬರಿಯ ಪರಿಕರವಾಗಿದ್ದರೆ ದೋಷವಿಲ್ಲ. ಮಾರುತ್ತಿರುವ ಐಸ್‌ಕ್ರೀಮಿನ ಗುಣಕ್ಕೆ ಅದನ್ನೇ ಪುರಾವೆಯಾಗಿ ಒಡ್ಡಿದರೆ ದೋಷ ಎಂಬುದು ಆ ತೀರ್ಪಿನ ಸಾರ. ನನ್ನ ರೊಟ್ಟಿಗೂ ಈ ನ್ಯಾಯ ಸಾಕು. ಕೊಂಡವನ ತಟ್ಟೆಗೆ ಎಂಥದು ಬೀಳುವುದೋ ಅಂಥದನ್ನು ತೋರಿಸಿದ್ದರೆ, ಎರಡು ಹನಿ ಗ್ಲಿಸರಿನ್ನಿಗಾಗಿ ನಾನು ನರಕಕ್ಕೆ ಹೋಗಲಾರೆ.

ಆದರೆ ಮನುಷ್ಯರ ಮುಖಕ್ಕೆ ಈ ನ್ಯಾಯ ಸಾಲದು. ರೊಟ್ಟಿ ತನ್ನ ಚಿತ್ರವನ್ನು ತಾನು ನೋಡುವುದಿಲ್ಲ; ಹುಡುಗಿ ನೋಡುತ್ತಾಳೆ. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಕನ್ಯೆಯ ಫೋಟೋ ತೆಗೆಸುತ್ತಿದ್ದುದನ್ನು ಹಿರಿಯರು ಬಲ್ಲರು. ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸಿ ಕಲೆಗಳನ್ನು ಅಳಿಸುತ್ತಿದ್ದರು. ಚಿತ್ರ ಒಪ್ಪಿಗೆಯಾಗಿ, ಗಂಡಿನವರು ಬಂದು ಚಾಪೆಯ ಮೇಲೆ ಕುಳಿತಾಗ, ಅವರ ಕಣ್ಣು ಚಿತ್ರದಿಂದ ಮುಖಕ್ಕೂ ಮುಖದಿಂದ ಚಿತ್ರಕ್ಕೂ ಓಡಾಡುವ ಆ ಹೊತ್ತಿನಲ್ಲಿ ತಲೆ ತಗ್ಗಿಸಬೇಕಾದವರಾರು? ಸೀಸದಕಡ್ಡಿ ಹಿಡಿದವನಲ್ಲ. ಮಾತು ಕೊಟ್ಟವನು ಅವನು. ಸಾಲ ತೀರಿಸಬೇಕಾದವಳು ಅವಳು.

ಇಂದಿನ ಪೋರ್ಟ್‌ಫೋಲಿಯೋ ಆ ಕನ್ಯೆಯ ಫೋಟೋದ ಮೊಮ್ಮಗಳೇ ಸರಿ. ಸೀಸದಕಡ್ಡಿ ಹೋಗಿ ಕಂಪ್ಯೂಟರ್ ಬಂದಿದೆ. ಫ್ರಾನ್ಸಿನಲ್ಲಿ 2017ರ ಅಕ್ಟೋಬರಿನಿಂದ, ಜಾಹೀರಾತಿನ ರೂಪದರ್ಶಿಯ ಮೈಕಟ್ಟನ್ನು ತಿದ್ದಿದ್ದರೆ ಅದು ತಿದ್ದಿದ ಚಿತ್ರವೆಂದು ಬರೆಯಬೇಕೆಂಬ ನಿಯಮ ಬಂದಿತು. ನಮ್ಮಲ್ಲಿ 2020ರಲ್ಲಿ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಒಳ್ಳೆಯದೇ. ಆದರೆ ಇವೆಲ್ಲ ನೋಡುವವರ ಹಿತಕ್ಕೆ. ಚಿತ್ರದೊಳಗೆ ಕುಳಿತವಳ ಹಿತ ಯಾರದು? “ಸಾರ್, ಬಣ್ಣ ಸ್ವಲ್ಪ ತಿಳಿ ಮಾಡಿ” ಎಂದು ಕೇಳುವವಳು ಅವಳೇ. ಇಲ್ಲವೆಂದರೆ ಅವಕಾಶ ತಪ್ಪೀತೆಂಬ ಅವಳ ಭಯ ಹುಸಿಯಲ್ಲ. ನನ್ನ ಸತ್ಯನಿಷ್ಠೆಯ ಬೆಲೆಯನ್ನು ಅವಳ ಕೈಯಿಂದ ತೆರಿಸಲು ನಾನಾರು? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ನಾನು ಹಿಡಿದಿರುವ ದಾರಿ ಇಷ್ಟೇ: ವಾರದಲ್ಲಿ ಮಾಯುವ ಮೊಡವೆಯನ್ನು ಅಳಿಸುತ್ತೇನೆ, ಮಚ್ಚೆಯನ್ನೂ ಬಣ್ಣವನ್ನೂ ಮುಟ್ಟುವುದಿಲ್ಲ. ನಾಳೆ ಯಾರದೋ ಕಚೇರಿಯ ಬಾಗಿಲು ತಟ್ಟುವಾಗ ಅವಳು ತನ್ನೊಡನೆ ಒಯ್ಯಬೇಕಾದದ್ದು ಚಿತ್ರದಲ್ಲೂ ಇರಲಿ. ಬಣ್ಣ ತಿಳಿ ಮಾಡುವ ಬದಲು, ಆ ಬಣ್ಣಕ್ಕೆ ಒಪ್ಪುವ ಬೆಳಕನ್ನು ಹುಡುಕಲು ಒಂದು ಗಂಟೆ ಹೆಚ್ಚು ದುಡಿಯುತ್ತೇನೆ. ಕೆಲವರು ಬೇರೆ ಸ್ಟುಡಿಯೋ ಹುಡುಕಿಕೊಂಡು ಹೋಗುತ್ತಾರೆ. ಅದು ನನ್ನ ಪಾಲಿನ ನಷ್ಟ. ಚಿತ್ರ ಸುಂದರವಾಗಿರಬೇಕು, ನಿಜ. ಆದರೆ ತನ್ನ ಚಿತ್ರದ ಪಕ್ಕದಲ್ಲಿ ನಿಲ್ಲಲು ಮನುಷ್ಯ ಅಂಜುವಂತಾದರೆ, ಆ ಸೌಂದರ್ಯವನ್ನು ನಾವು ಅವನಿಗೆ ಕೊಟ್ಟದ್ದಲ್ಲ, ಅವನಿಂದ ಕಸಿದದ್ದು.