ಉಲ್ಲೇಖವೆಂಬ ಸಾಕ್ಷ್ಯ

ಮೂರ್ನಾಡಿನಲ್ಲಿ ನನ್ನ ಬಳಿ ಕಲಿತ ಹುಡುಗನೊಬ್ಬ ಇಂದು ವೈದ್ಯಕೀಯ ಕಾಲೇಜೊಂದರಲ್ಲಿ ಅಧ್ಯಾಪಕ. ಕಳೆದ ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ಸಂಗತಿ ಹೇಳಿದ. ಅವನ ಬಡ್ತಿಗೆ ಸಂಶೋಧನಾ ಲೇಖನಗಳು ಬೇಕು. ಇಬ್ಬರು ಗೆಳೆಯರು ಒಂದು ಒಪ್ಪಂದಕ್ಕೆ ಕರೆದಿದ್ದಾರೆ: ಇವನ ಲೇಖನಕ್ಕೆ ಅವರ ಹೆಸರು, ಅವರ ಲೇಖನಕ್ಕೆ ಇವನ ಹೆಸರು, ಮುಂದೆ ಬರೆಯುವಾಗಲೆಲ್ಲ ಮೂವರೂ ಪರಸ್ಪರರನ್ನು ಉಲ್ಲೇಖಿಸಬೇಕು. "ಇದರಿಂದ ಯಾವ ರೋಗಿಗೂ ನಷ್ಟವಿಲ್ಲವಲ್ಲ ಉಸ್ತಾದ್?" ಎಂದು ಕೇಳಿದ. ತಕ್ಷಣ ನನಗೆ ಉತ್ತರ ಹೊಳೆಯಲಿಲ್ಲ.

ಉಲ್ಲೇಖವೆಂದರೇನು? ಈ ಮಾತು ನನ್ನದಲ್ಲ, ಇಂಥವರಿಂದ ಪಡೆದೆ ಎಂದು ಒಪ್ಪಿಕೊಳ್ಳುವುದು. ಹದೀಸ್ ಕಲಿತವರಿಗೆ ಇದು ಹೊಸದಲ್ಲ. ಯಾರು ಯಾರಿಂದ ಕೇಳಿದರು ಎಂಬ ಸನದನ್ನು ಹೇಳದೆ ನಮ್ಮ ಉಸ್ತಾದರುಗಳು ಮುಂದಿನ ಮಾತಿಗೇ ಹೋಗುತ್ತಿರಲಿಲ್ಲ. ವಿಜ್ಞಾನದಲ್ಲಿ ಈ ಋಣಸ್ವೀಕಾರವನ್ನು ಎಣಿಸುವ ವ್ಯವಸ್ಥೆ 1960ರ ದಶಕದಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರಿಂದ ಆರಂಭವಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಅದನ್ನು ಒಂದೇ ಅಂಕಿಗೆ ಇಳಿಸಿದರು: ಒಬ್ಬನ ಹತ್ತು ಲೇಖನಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ ಹತ್ತು. ಈ ಎಣಿಕೆಯನ್ನು ಪೂರ್ತಿ ಹಳಿಯಲಾರೆ. ಶಿಫಾರಸ್ಸು ಮಾಡುವವರಿಲ್ಲದ ಹಳ್ಳಿಯ ಹುಡುಗನ ಪಾಲಿಗೆ ಅಂಕಿಯೇ ಕೆಲವೊಮ್ಮೆ ಆಸರೆ. ಆದರೆ ನಮ್ಮ ಕೊಡಗಿನ ಕಾಫಿ ವ್ಯಾಪಾರಿ ಕೂಡ ಚೀಲ ಎಣಿಸಿ ಹಣ ಕೊಡುವುದಿಲ್ಲ. ಐವತ್ತು ಕಿಲೋ ಒಣ ಚೆರಿಯನ್ನು ಸಿಪ್ಪೆ ಬಿಡಿಸಿದರೆ ಬೀಜ ಇಪ್ಪತ್ತಾರು ಕಿಲೋ ಬರುತ್ತದೋ ಇಪ್ಪತ್ತೆಂಟೋ ಎಂದು ನೋಡಿ ಬೆಲೆ ಕಟ್ಟುತ್ತಾನೆ. ವಿದ್ವಾಂಸರು ಚೀಲ ಎಣಿಸುತ್ತ ಕುಳಿತರೆ ಹೇಗೆ?

ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಶಂಭುನಾಥ ಡೇ ಅವರ ಕಥೆ. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ 1884ರಲ್ಲೇ ಗುರುತಿಸಿದ್ದರು. ಆದರೆ ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ಮುಂದಿನ ಎಪ್ಪತ್ತು ವರ್ಷ ಸ್ಪಷ್ಟವಾಗಲಿಲ್ಲ. ಅದೇ ಕಲ್ಕತ್ತಾದಲ್ಲಿ ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನು ಅದರೊಳಗೆ ಬಿಟ್ಟರು. ರೋಗಾಣುವೇ ಇಲ್ಲದಿದ್ದರೂ ಕರುಳು ನೀರಿನಿಂದ ಉಬ್ಬಿತು. ಅಂದರೆ ರೋಗಾಣು ಹೊರಬಿಡುವ ವಿಷವೇ ದೇಹದ ನೀರನ್ನು ಕರುಳಿಗೆ ಸೆಳೆಯುತ್ತದೆ. 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಚಿಕ್ಕ ಲೇಖನ, ಕೆಳಗೆ ಒಬ್ಬರದೇ ಹೆಸರು.

ವರ್ಷಗಟ್ಟಲೆ ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ಆ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು ಅಮೆರಿಕದಲ್ಲಿ, 1969ರಲ್ಲಿ. ಡೇ 1973ರಲ್ಲಿ ನಿವೃತ್ತರಾದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಸ್ವೀಡನ್ನಿನಿಂದ ಕರೆ ಬಂತು. ಸ್ವದೇಶದಲ್ಲಿ ದೊಡ್ಡ ಗೌರವವೊಂದೂ ದೊರೆಯದೆ 1985ರಲ್ಲಿ ತೀರಿಕೊಂಡರು. ಮರುವರ್ಷ ಅವರ ಲೇಖನದ ಮಹತ್ವವನ್ನು ಬರೆದು ತೋರಿಸಿದವರು, ವಿಚಿತ್ರವೆಂದರೆ, ಉಲ್ಲೇಖಗಳನ್ನು ಎಣಿಸಲು ಕಲಿಸಿದ ಅದೇ ಗಾರ್ಫೀಲ್ಡ್. 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದ ಸಂಗತಿಯೂ ಎಲ್ಲರಿಗೆ ತಿಳಿಯಿತು. ನೋಡಬೇಕಾಗಿದ್ದವರು ಆಗ ಇರಲಿಲ್ಲ.

ಇಷ್ಟು ಕೇಳಿ ಹುಡುಗ, "ಉಲ್ಲೇಖ ಸಿಗದಿದ್ದರೆ ಗತಿ ಇದೇ ಎಂದಾಯಿತಲ್ಲ, ನನ್ನ ಗೆಳೆಯರು ಹೇಳುವುದೂ ಅದನ್ನೇ" ಎಂದು ನಕ್ಕ. ಜಾಣ. ಆದರೆ ಮೊಲದ ಕರುಳು ಉಬ್ಬಿದ್ದು ಉಲ್ಲೇಖಗಳ ಲೆಕ್ಕ ನೋಡಿ ಅಲ್ಲ. 1959ರಲ್ಲಿ ಯಾರೂ ಹೆಸರಿಸದಿದ್ದಾಗಲೂ ಆ ಮಾತು ಇಂದಿನಷ್ಟೇ ಸತ್ಯವಾಗಿತ್ತು. ಅಲ್ಲಿ ತಪ್ಪಿದವರು ಓದಿಯೂ ಹೆಸರಿಸದವರು, ಓದಬೇಕಾಗಿದ್ದೂ ಓದದವರು. ಉಲ್ಲೇಖಿಸುವುದು ಓದುಗನ ಮೇಲಿನ ಹೊಣೆ. ಬರೆದವನು ಬೇಡಿ ಪಡೆಯುವ ಸೊತ್ತಲ್ಲ.

ಸಂಕಲ್ಪದ ಕುರಿತಾದ ಆ ಪ್ರಸಿದ್ಧ ಹದೀಸನ್ನೇ ನೋಡಿ. ಇಮಾಮ್ ಬುಖಾರಿ ತಮ್ಮ ಗ್ರಂಥವನ್ನು ಆರಂಭಿಸಿದ್ದೇ ಅದರಿಂದ. ಪ್ರವಾದಿವರ್ಯರಿಂದ(ಸ) ಅದನ್ನು ಪ್ರಬಲ ಸನದಿನೊಂದಿಗೆ ತಲುಪಿಸಿದವರು ಉಮರ್(ರ) ಒಬ್ಬರೇ. ಅವರಿಂದ ಅಲ್ಕಮಾ, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್, ಅವರಿಂದ ಯಹ್ಯಾ ಬಿನ್ ಸಈದ್. ನಾಲ್ಕು ಹಂತಗಳಲ್ಲೂ ಒಬ್ಬೊಬ್ಬರೇ. ಅದು ಹಲವರಿಗೆ ಹರಡಿದ್ದು ಆ ಬಳಿಕ. ಹದೀಸ್ ವಿದ್ವಾಂಸರು ತಲೆ ಎಣಿಸಿ ಅದನ್ನು ಬದಿಗಿಡಲಿಲ್ಲ. ಹೇಳಿದವರ ಸತ್ಯಸಂಧತೆಯನ್ನೂ ನೆನಪಿನ ಶಕ್ತಿಯನ್ನೂ ತೂಗಿ ಸ್ವೀಕರಿಸಿದರು. ಕೇಳದವನು ಕೇಳಿದೆನೆಂದು ಸೇರಿಕೊಂಡಿದ್ದರೆ ಅವನನ್ನು ಏನೆಂದು ಕರೆಯುತ್ತಿದ್ದರೆಂಬುದು ಮದ್ರಸದ ಮಕ್ಕಳಿಗೂ ಗೊತ್ತು.

ಇನ್ನು ರೋಗಿಯ ನಷ್ಟದ ಮಾತು. ವೈದ್ಯನೊಬ್ಬ ಚಿಕಿತ್ಸೆಗಾಗಿ ಹಳೆಯ ಲೇಖನಗಳನ್ನು ಹುಡುಕುವಾಗ ಉಲ್ಲೇಖಗಳೇ ಅವನಿಗೆ ದಾರಿ. ಆ ದಾರಿಯಲ್ಲಿ ಗೆಳೆಯರ ಹೆಸರುಗಳೇ ತುಂಬಿದ್ದರೆ, ಡೇ ಅವರದ್ದರಂಥ ಪುಟ್ಟ ಲೇಖನ ಅದರ ಅಡಿಯಲ್ಲಿ ಹೂತು ಹೋಗುತ್ತದೆ. ಕಾಲರಾ ರೋಗಿಗೆ ಕಾಯಲು ದಿನಗಳಿರುವುದಿಲ್ಲ, ಗಂಟೆಗಳಿರುತ್ತವೆ. ಮತ್ತೆ, ಲೇಖನದಲ್ಲಿ ಔಷಧಿಯ ಪ್ರಮಾಣ ತಪ್ಪಿದ್ದರೆ, ಪ್ರಯೋಗಾಲಯವನ್ನೇ ನೋಡದೆ ಹೆಸರು ಹಾಕಿಸಿಕೊಂಡವನು ಏನು ಉತ್ತರ ಕೊಡುತ್ತಾನೆ? ನಾನಲ್ಲ ಎನ್ನುವಂತಿಲ್ಲ, ಸಹಿ ಅವನದೇ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಮಡಿಕೇರಿಯ ಬಸ್ಸಿಗೆ ಹತ್ತಿಸಲು ಹೋದಾಗ ಕೇಳಿದೆ, ಲೇಖನದ ಕೆಲಸದಲ್ಲಿ ನಿನಗೆ ನಿಜವಾಗಿ ನೆರವಾದವರು ಯಾರು ಎಂದು. ರಾತ್ರಿಯೆಲ್ಲ ರಕ್ತದ ಮಾದರಿ ಪರೀಕ್ಷಿಸಿ ಲೆಕ್ಕ ಬರೆದಿಟ್ಟ ಪ್ರಯೋಗಾಲಯದ ಸಹಾಯಕಿಯೊಬ್ಬಳು ಎಂದ. ಅವಳ ಹೆಸರು ಎಲ್ಲಿದೆ? ಎಲ್ಲೂ ಇಲ್ಲ. ಮೊನ್ನೆ ಫೋನು ಮಾಡಿದ್ದ. ಲೇಖನದಲ್ಲಿ ಈಗ ಎರಡು ಹೆಸರುಗಳಿವೆಯಂತೆ, ಅವನದು ಮತ್ತು ಅವಳದು. ಬಡ್ತಿ ಈ ವರ್ಷ ಆಗಲಿಕ್ಕಿಲ್ಲ ಎಂದ.