ಎಸಿ ತೊಳೆಯುವ ಶ್ರಾವಕರು

ಎಸಿ ಇರುವ ಜೈನ ಮನೆಯಲ್ಲಿ ಅಣುವ್ರತ ಉಳಿಯುತ್ತದೆಯೇ? ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅತ್ತೆಯ ಕೋಣೆಗೆ ಎಸಿ ಹಾಕಿಸಿದಂದಿನಿಂದ ಈ ಪ್ರಶ್ನೆಯನ್ನು ಹಲವರು ಸುತ್ತಿ ಬಳಸಿ ಕೇಳಿದ್ದಾರೆ. ನೇರವಾಗಿ ಕೇಳಿದವರು ಚಿಕ್ಕಮಾವ ಒಬ್ಬರೇ. “ಗಾಳಿಯಲ್ಲೂ ಜೀವ ಉಂಟು ಅಂತ ನಂಬುವವರು ನಾವು. ರಾತ್ರಿಯಿಡೀ ಗಾಳಿ ಎಳೆಯುವ ಯಂತ್ರ ಇಟ್ಟುಕೊಂಡು, ಅದನ್ನು ಉಜ್ಜಿ ತೊಳೆದು, ಆಮೇಲೆ ಮಕ್ಕಳಿಗೆ ಅಹಿಂಸೆಯ ಪಾಠ ಹೇಳುವುದು ಹೇಗಮ್ಮ?”

ವಾಯುಕಾಯಿಕ ಜೀವಗಳ ವಿಚಾರ ನಮ್ಮಲ್ಲಿ ಪುಸ್ತಕದಲ್ಲಷ್ಟೇ ಇರುವುದಲ್ಲ. ವಿಹಾರದಲ್ಲಿ ಊರಿಗೆ ಬರುವ ದಿಗಂಬರ ಮುನಿಗಳು ಬೀಸಣಿಗೆಯನ್ನೂ ಮುಟ್ಟುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಅವರು ಬಸದಿಯ ಕಲ್ಲುಹಾಸಿನ ಮೇಲೆ ಕದಲದೆ ಕುಳಿತಿರುವುದನ್ನು ಕಂಡರೆ ತಲೆ ತಾನಾಗಿ ಬಾಗುತ್ತದೆ. ಅವರದು ಮಹಾವ್ರತ. ಶ್ರಾವಕರಿಗೆ, ಅಂದರೆ ಗೃಹಸ್ಥರಾದ ನಮಗೆ, ಅಣುವ್ರತದ ಬೇರೆ ಲೆಕ್ಕ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ನಾವು ಪೂರ್ತಿ ಬಿಡಬೇಕು. ಅಡುಗೆ, ಕಸಮುಸುರೆಯಲ್ಲಾಗುವ ಆರಂಭೀ, ಹೊಟ್ಟೆಪಾಡಿನ ಉದ್ಯೋಗೀ, ತನ್ನವರನ್ನು ಕಾಯುವಾಗಿನ ವಿರೋಧೀ ಹಿಂಸೆಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಹಾಸಿಗೆ ಹಿಡಿದ ಅತ್ತೆಯ ಬೆನ್ನು ಬೆವರಿನಲ್ಲಿ ನೆನೆದು ಹುಣ್ಣಾಗತೊಡಗಿದಾಗ ನಾವು ಎಸಿ ತಂದೆವು. ಅದು ಆರಂಭೀ ಹಿಂಸೆಯ ಖಾತೆಗೆ ಸೇರುತ್ತದೆ. ಸೇರುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ನನ್ನ ಮಾತು ಇರುವುದು ಆ “ಆದಷ್ಟು ಕಡಿಮೆ” ಎಂಬಲ್ಲಿ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಜೀವ ಹೋಗುವುದಕ್ಕಿಂತ ಮೊದಲು ಪ್ರಮಾದವನ್ನು ಹೆಸರಿಸುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಉದಾಸೀನ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಕಟುವಾಗಿದೆ: ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ಖಚಿತ. ಈ ಮಾತನ್ನು ಹಿಡಿದುಕೊಂಡು ಎಸಿಯ ಮುಚ್ಚಳ ತೆರೆದು ನೋಡಿದವರಿಗೆ ಪ್ರಮಾದ ಕಣ್ಣಿಗೇ ಕಾಣಿಸುತ್ತದೆ.

ಒಳಗಿನ ಕಾಯಿಲ್ ತಣ್ಣಗಾದಾಗ ಕೋಣೆಯ ಗಾಳಿಯಲ್ಲಿರುವ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ! ಆ ನೀರು ಕೆಳಗಿನ ತಟ್ಟೆಗಿಳಿದು ಪೈಪಿನಲ್ಲಿ ಹೊರಗೆ ಹೋಗಬೇಕು. ಫಿಲ್ಟರ್ ತೊಳೆಯದಿದ್ದರೆ ಧೂಳು ಅದನ್ನು ದಾಟಿ ಒದ್ದೆ ಕಾಯಿಲ್‌ಗೆ ಅಂಟುತ್ತದೆ. ಒದ್ದೆ, ಕತ್ತಲೆ, ಧೂಳು ಮೂರೂ ಸೇರಿದಲ್ಲಿ ಬೂಷ್ಟು ಹುಟ್ಟುತ್ತದೆ. ಡ್ರೈನ್ ಪೈಪಿನಲ್ಲಿ ಲೋಳೆ ಕಟ್ಟುತ್ತದೆ. ಆಮೇಲೆ ಸರ್ವೀಸಿನವರು ಕೆಮಿಕಲ್ ಹೊಡೆದು ಜೆಟ್ ಪಂಪಿನಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಸಾಯಿಸಿ ಕೊಚ್ಚಿಹಾಕಬೇಕಾಗುತ್ತದೆ. ಮೊದಲು ಹುಟ್ಟಲು ಬಿಟ್ಟೆವು, ಆಮೇಲೆ ಕೊಂದೆವು. ತೊಳೆಯುವುದರಿಂದ ಹಿಂಸೆ ಎಂದು ಚಿಕ್ಕಮಾವ ಹೇಳಿದರೆ, ತೊಳೆಯದೆ ಬಿಟ್ಟದ್ದರಿಂದ ಆದ ಹಿಂಸೆ ಅದರ ಹಲವು ಪಟ್ಟು ಎಂದು ನಾನು ಹೇಳುತ್ತೇನೆ.

ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇತ್ತು. ನನ್ನ ಅಜ್ಜಿ ತೊಳೆದ ಪಾತ್ರೆಯನ್ನು ಒದ್ದೆಯಾಗಿ ಕವುಚಿಡಲು ಬಿಟ್ಟವರೇ ಅಲ್ಲ. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಮೇಲೆ ಅದರಲ್ಲಿ ಮತ್ತೆ ಜೀವ ಹುಟ್ಟುತ್ತದೆ, ಮತ್ತೆ ಸೋಸಬೇಕು. ಒದ್ದೆಯಿದ್ದಲ್ಲಿ ತಾವಾಗಿ ಹುಟ್ಟುವ ಸಮ್ಮೂರ್ಛಿಮ ಜೀವಗಳು ಮೂಡುತ್ತವೆ, ಹುಟ್ಟಿಸಿ ಸಾಯಿಸಬೇಡಿ, ಒರೆಸಿ ಒಣಗಿಸಿ ಎಂದು ಅಜ್ಜಿ ಸೊಸೆಯಂದಿರಿಗೆ ಹೇಳುತ್ತಿದ್ದರು. ಎಸಿಗೂ ಅದೇ ಮಾತು. ಬೆಳಿಗ್ಗೆ ಆಫ್ ಮಾಡುವ ಮೊದಲು ಕಾಲು ಗಂಟೆ, ಅರ್ಧ ಗಂಟೆ ಫ್ಯಾನ್ ಮೋಡಿನಲ್ಲಿ ಓಡಿಸಿದರೆ ಕಾಯಿಲ್ ಒಣಗುತ್ತದೆ. ಒಣಗಿದ ಕಾಯಿಲ್ ಮೇಲೆ ಬೂಷ್ಟು ಸುಲಭಕ್ಕೆ ಹಬ್ಬುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದು ಎಸಿ ನಿಲ್ಲಿಸುವಾಗ ಈ ಒಣಗಿಸುವ ಕೆಲಸವನ್ನು ಇನ್ನಷ್ಟು ಹೊತ್ತು ಮಾಡುತ್ತೇನೆ. ಧವಳ, ಜಯಧವಳ, ಮಹಾಧವಳ ಎಂಬ ನಮ್ಮ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಇದೇ ತೇವದ ಊರಿನಲ್ಲಿ ಎಂಬುದನ್ನು ನೆನೆಸಿದಾಗಲೆಲ್ಲ, ಅವುಗಳನ್ನು ನೋಡಿಕೊಂಡ ಕೈಗಳ ಬಗ್ಗೆ ನನಗೆ ಭಕ್ತಿ ಹುಟ್ಟುತ್ತದೆ.

ಫಿಲ್ಟರ್ ತೊಳೆಯುವುದು ಕಷ್ಟದ ಕೆಲಸವೇನಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಮುಚ್ಚಳ ಎತ್ತಿ, ಜಾಳಿಗೆಯನ್ನು ಕೆಳಗೆ ಎಳೆದರೆ ಬರುತ್ತದೆ. ಹಿಂಬದಿಯಿಂದ ನೀರು ಬಿಟ್ಟರೆ ಧೂಳು ಬಂದ ದಾರಿಯಲ್ಲೇ ಬಿದ್ದುಹೋಗುತ್ತದೆ, ಸೋಪೂ ಬೇಕಾಗುವುದಿಲ್ಲ. ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಅದರ ಚೌಕಟ್ಟು ಸೊಟ್ಟಗಾಗುತ್ತದೆ. ನಾನು ತಡೆದು ನಿಲ್ಲುವುದು ಆ ಕೊಳೆನೀರನ್ನು ಸುರಿಯುವಲ್ಲಿ. ಅಜ್ಜಿ ಬಾವಿಯ ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ಜಾಲಿಸಿ, ಕೊಡದಲ್ಲಿ ತುಂಬಿ ಅದೇ ಬಾವಿಗೆ ನಿಧಾನವಾಗಿ ಇಳಿಸುತ್ತಿದ್ದರು. ಯಾವ ನೀರಿನ ಜೀವ ಆ ನೀರಿಗೇ. ಸೋಸುವುದರಲ್ಲಿ ಅರ್ಧ ಧರ್ಮ, ಸೋಸಿ ಉಳಿದದ್ದನ್ನು ಸರಿಯಾದ ಜಾಗಕ್ಕೆ ಸೇರಿಸುವುದರಲ್ಲಿ ಇನ್ನರ್ಧ. ಎಸಿಯ ಧೂಳಿಗೆ ಬಾವಿಯಿಲ್ಲ, ಆದರೆ ಮಣ್ಣಿದೆ. ಫಿನಾಯಿಲ್ ಹರಿಯುವ ಬಚ್ಚಲಿಗೆ ಬಿಡದೆ ದಾಸವಾಳದ ಬುಡದಾಚೆ ನೆರಳಿನ ಮಣ್ಣಿಗೆ ಸುರಿಯುತ್ತೇನೆ.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ. ಮಲಮೂತ್ರ, ಉಗುಳು, ಯಾವುದನ್ನೇ ತ್ಯಜಿಸುವಾಗಲೂ ಜೀವಗಳಿಲ್ಲದ ಜಾಗವನ್ನು ಕಣ್ಣಾರೆ ನೋಡಿ, ನವಿಲುಗರಿಯ ಪಿಂಛಿಯಿಂದ ಸವರಿ, ಬಿಡಬೇಕು. ಏನನ್ನು, ಯಾವಾಗ ತಿನ್ನಬಾರದು ಎಂಬ ನಿಯಮವನ್ನು ನಾವು ಗೃಹಸ್ಥರು ಚೆನ್ನಾಗಿ ಕಲಿತಿದ್ದೇವೆ; ಈರುಳ್ಳಿ, ಆಲೂಗಡ್ಡೆ, ಸೂರ್ಯಾಸ್ತ ಎಲ್ಲ ಬಾಯಿಪಾಠ. ಏನನ್ನು ಎಲ್ಲಿ ಬಿಡಬೇಕು ಎಂಬುದನ್ನು ಮುನಿಗಳಿಗೆ ಬಿಟ್ಟುಕೊಟ್ಟು ಕುಳಿತಿದ್ದೇವೆ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಎಸಿಯ ಕೆಲಸವೇ ಬಿಡುವುದಲ್ಲವೇ? ಅದು ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಜೊತೆಗೆ ತಾನು ಉಂಡ ಕರೆಂಟಿನ ಬಿಸಿಯನ್ನೂ ಸೇರಿಸುತ್ತದೆ. ಫಿಲ್ಟರ್ ಕಟ್ಟಿಕೊಂಡರೆ, ಹೊರಗಿನ ಯುನಿಟ್ಟಿನ ರೆಕ್ಕೆಗಳಲ್ಲಿ ಧೂಳು ತುಂಬಿದರೆ, ಅಷ್ಟೇ ತಂಪಿಗೆ ಹೆಚ್ಚು ಕರೆಂಟು ಬೇಕು, ಹೊರಗೆ ಬೀಳುವ ಬಿಸಿಯೂ ಹೆಚ್ಚು. ಹೊರಗೆ ಅಂದರೆ ಎಲ್ಲಿ? ನಮ್ಮ ಯುನಿಟ್ ಮೊದಲು ಇದ್ದದ್ದು ಪಕ್ಕದ ಮನೆಯ ಅಡುಗೆಮನೆ ಕಿಟಕಿಯ ಎದುರು. ಅಲ್ಲಿ ಒಬ್ಬ ಹೆಂಗಸು ದಿನವೂ ಒಲೆಯ ಮುಂದೆ ನಿಲ್ಲುತ್ತಾರೆ. ಅವರು ಒಂದು ಮಾತೂ ಆಡಿದವರಲ್ಲ. ಯುನಿಟ್ಟನ್ನು ಹಿಂದಿನ ಗೋಡೆಗೆ, ತೋಟದ ಕಡೆಗೆ ಹಾಕಿಸಿದೆವು.

ಹಾಕಿಸುವ ಮೊದಲು ಕಾಯಬೇಕಾಯಿತು. ಯುನಿಟ್ಟಿನ ಹಿಂದೆ ಪಿಕಳಾರ ಗೂಡು ಕಟ್ಟಿತ್ತು. ಮರಿಗಳು ಹಾರಿಹೋಗುವವರೆಗೆ ಎಸಿ ನಿಲ್ಲಿಸಿ, ಅತ್ತೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಫ್ಯಾನು ಹಾಕಿದೆವು. ಗೋಡೆಯ ತೂತಿನಲ್ಲಿ ಪೈಪಿನ ಸುತ್ತ ಉಳಿಯುವ ಸಂದನ್ನೂ ನೋಡಿ ಮುಚ್ಚಿಸಬೇಕು. ಹಲ್ಲಿ, ಇರುವೆ ಆ ದಾರಿಯಲ್ಲಿ ನುಗ್ಗಿ ಕರೆಂಟಿನ ಬೋರ್ಡಿನಲ್ಲಿ ಸತ್ತು ಬೀಳುತ್ತವೆ. ಹಲ್ಲಿ ಐದು ಇಂದ್ರಿಯದ ಜೀವ. ಇಲ್ಲಿ ಸೂಕ್ಷ್ಮ ವಾದವೇ ಬೇಡ.

ಯುನಿಟ್ ಬಿಚ್ಚುವ ದಿನ ಮೆಕ್ಯಾನಿಕ್ ಹುಡುಗ, “ಟೀಚರೇ, ಗ್ಯಾಸ್ ಬಿಟ್ಟುಬಿಡುವ, ಹೊಸದು ತುಂಬಿಸಿದರಾಯಿತು” ಎಂದ. ನಮ್ಮದರಲ್ಲಿರುವುದು ಆರ್-32. ಹಳೆಯ ಆರ್-22ರಂತೆ ಅದು ಓಝೋನ್ ಪದರವನ್ನು ಹರಿಯುವುದಿಲ್ಲ. ಓಝೋನ್ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿ ಆರ್-22 ಹಿಂದೆ ಸರಿಯುತ್ತಿದೆ. ಆದರೆ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಆರ್-32, ತೂಕಕ್ಕೆ ತೂಕ ಹಿಡಿದರೆ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು. ಅದು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವೂ ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದರ್ಥ. ಸೋರುವ ಜಾಗ ಹುಡುಕದೆ ವರ್ಷವರ್ಷ ಗ್ಯಾಸ್ ತುಂಬಿಸುವುದು ಆಕಾಶಕ್ಕೆ ಸುರಿದಂತೆಯೇ. ಬಿಡುವುದು ಬೇಡ, ಬೇರೆ ದಾರಿ ಉಂಟೇ ಎಂದು ಕೇಳಿದೆ. ಉಂಟು ಎಂದ. ಒಂದು ವಾಲ್ವ್ ಮುಚ್ಚಿ, ಕಂಪ್ರೆಸರ್ ಓಡಿಸಿ, ಗ್ಯಾಸನ್ನೆಲ್ಲ ಹೊರಗಿನ ಯುನಿಟ್ಟಿಗೇ ಎಳೆದು ಕಟ್ಟಿಹಾಕಿದ. ಕೆಲವೇ ನಿಮಿಷದ ಕೆಲಸ. ಸೇರಿಸಿದ ಮೇಲೆ ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದ. ಉತ್ಸರ್ಗ ಸಮಿತಿಯ ಹೆಸರು ಕೇಳದ ಆ ಹುಡುಗ ಅದನ್ನು ನನ್ನೆದುರು ಪಾಲಿಸಿದ; ಆ ಹೊತ್ತಿನ ಕೂಲಿಯನ್ನು ಅವನು ಕೇಳದಿದ್ದರೂ ಬೇರೆಯಾಗಿ ಕೊಟ್ಟೆ.

ಎಸಿಯನ್ನು ಹದಿನೆಂಟು ಡಿಗ್ರಿಗೆ ಇಟ್ಟು ಕಂಬಳಿ ಹೊದ್ದು ಮಲಗುವುದಕ್ಕೆ ಮಾತ್ರ ನನ್ನಲ್ಲಿ ಯಾವ ಸಮಾಧಾನವೂ ಇಲ್ಲ. ಅದು ಅನರ್ಥದಂಡ, ಯಾರಿಗೂ ಉಪಯೋಗವಿಲ್ಲದ ಹಿಂಸೆ. 2020ರಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಅತ್ತೆಗೆ 26, ಜೊತೆಗೆ ಮೆಲ್ಲನೆ ಫ್ಯಾನು, ಅಷ್ಟು ಸಾಕಾಗುತ್ತದೆ.

ಈ ಸಲ ಊರಿನಲ್ಲಿ ಚಾತುರ್ಮಾಸಕ್ಕೆ ಮುನಿಗಳು ನಿಂತರೆ ಅವರ ಬಳಿ ನಿಯಮ ಕೇಳಬೇಕೆಂದಿದ್ದೇನೆ. ಶ್ರಾವಕರು ಸಾಮಾನ್ಯವಾಗಿ ಇಂಥದ್ದನ್ನು ತಿನ್ನುವುದಿಲ್ಲ, ಇಂಥ ದಿನ ಉಪವಾಸ ಎಂದು ನಿಯಮ ಹಿಡಿಯುತ್ತಾರೆ. ನನಗೆ ಬೇಕಾದದ್ದು ಬಿಡುವ ಕಡೆಯ ನಿಯಮ: ಮನೆಯಿಂದ ಹೊರಗೆ ಹೋಗುವ ನೀರು, ಕಸ, ಬಿಸಿ, ಹೊಗೆ ಯಾವುದನ್ನೂ ಅದು ಬೀಳುವ ಜಾಗ ನೋಡದೆ ಬಿಡುವುದಿಲ್ಲ ಎಂದು. ಗೃಹಸ್ಥರಿಗೆ ಇದನ್ನು ಕೊಡಬಹುದೇ, ಕೊಟ್ಟರೆ ಎಷ್ಟರಮಟ್ಟಿಗೆ ಪಾಲಿಸಿದರೆ ವ್ರತ ನಿಲ್ಲುತ್ತದೆ, ಅದನ್ನು ಅವರೇ ಹೇಳಬೇಕು.