ಬೀಗಕ್ಕೆ ವಿವೇಕವುಂಟೆ?

ಬೀಗವಿರುವುದು ಕಳ್ಳರಿಗಾಗಿ ಎಂದು ನಾವೆಲ್ಲರೂ ತಿಳಿದಿದ್ದೇವೆ. ಕಳೆದ ಆಷಾಢದವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಆ ತಿಂಗಳು ನಮ್ಮ ಕಾಲೇಜಿನ ನಿವೃತ್ತ ಅಧ್ಯಾಪಕರೊಬ್ಬರು ತೀರಿಕೊಂಡರು. ನನಗೆ ಅವರು ಗುರುಗಳೂ ಹೌದು. ಹನ್ನೊಂದು ವರ್ಷಗಳಿಂದ ತಮ್ಮ ಸೀಮೆಯ ಒಕ್ಕಲುಮಕ್ಕಳ ಆಡುಮಾತಿನ ಶಬ್ದಗಳನ್ನು ಕೂಡಿಹಾಕುತ್ತಿದ್ದರು. ನೇಗಿಲಿನ ಅಂಗಾಂಗಗಳು, ಕಣದ ಕೆಲಸಗಳು, ಮಳೆಯ ಬಗೆಗಳು, ದನಕರುಗಳ ರೋಗಗಳು, ಹೀಗೆ ನಿಘಂಟುಗಳು ಕಾಣದ ಮಾತುಗಳು. ಮೊದಲು ಚೀಟಿಗಳಲ್ಲಿ ಬರೆದಿಡುತ್ತಿದ್ದವರು, ಮಗ ಲ್ಯಾಪ್‌ಟಾಪು ತಂದುಕೊಟ್ಟ ಮೇಲೆ ಎಲ್ಲವನ್ನೂ ಅದರಲ್ಲಿ ತುಂಬಿಸಿ ಚೀಟಿಗಳನ್ನು ರದ್ದಿಗೆ ಹಾಕಿದರು. ಕೊನೆಯ ತಿಂಗಳುಗಳಲ್ಲಿ ಯಂತ್ರ ಕೆಟ್ಟಿತು; ರಿಪೇರಿಯವನು ಅದರ ಮುಖ್ಯ ಬೋರ್ಡನ್ನೇ ಬದಲಾಯಿಸಿಕೊಟ್ಟ. ಅಷ್ಟರಲ್ಲಿ ಮೇಷ್ಟರು ಹಾಸಿಗೆ ಹಿಡಿದಿದ್ದರು. ಅದನ್ನು ಮತ್ತೆ ತೆರೆಯಲೇ ಇಲ್ಲ.

ಉತ್ತರಕ್ರಿಯೆಗಳು ಮುಗಿದ ಮೇಲೆ ಅವರ ಪತ್ನಿ ಅದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. "ಇದರೊಳಗಿರೋದನ್ನ ತೆಗೆದು ಅಚ್ಚು ಹಾಕಿಸಿಕೊಡಪ್ಪ" ಎಂದರು. ತೆರೆದೆ. ನೀಲಿ ಪರದೆಯೊಂದು ಮೂಡಿ 48 ಅಂಕೆಗಳ ಒಂದು ಸಂಖ್ಯೆಯನ್ನು ಕೇಳಿತು. ಆ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಯಂತ್ರವನ್ನು ಮೊದಲು ಸಿದ್ಧಪಡಿಸಿದ ದಿನ ಅಂಗಡಿಯ ಹುಡುಗ ಯಾವುದೋ ಇ-ಮೇಲ್ ಖಾತೆ ತೆರೆದುಕೊಟ್ಟಿದ್ದನಂತೆ. ಸಂಖ್ಯೆ ಅದರಲ್ಲಿ ಇದ್ದೀತು. ಆ ಖಾತೆಯ ಹೆಸರೂ ಗುಟ್ಟಿನ ಮಾತೂ ಮೇಷ್ಟರೊಡನೆಯೇ ಹೋಗಿದ್ದವು. ತಿಳಿದವರನ್ನೆಲ್ಲ ಕೇಳಿದೆ. ಆಗದು ಎಂದರು.

"ಅಡಗಿಸಿಡೋ ಅಂಥದ್ದು ಅವರ ಹತ್ತಿರ ಏನಿತ್ತಪ್ಪ? ಕಳ್ಳರಿಗೆ ಹಾಕಿದ ಬೀಗ ನನಗೂ ಯಾಕೆ?" ಎಂದು ಆ ತಾಯಿ ಕೇಳಿದರು. ಕನ್ನಡದ ಎಂ.ಎ. ಆದ ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಾಗಿ ಮಾರ್ಪಡಿಸಿಡುವ ಏರ್ಪಾಡು ಇಂದಿನ ಅನೇಕ ಯಂತ್ರಗಳಲ್ಲಿ ನಾವು ಕೇಳದೆಯೇ ಬರುತ್ತದೆ. ಅದರ ಹಿಂದಿರುವ ಗಣಿತ ಎಇಎಸ್ ಎಂಬುದು. ಬೆಲ್ಜಿಯಂ ದೇಶದ ಇಬ್ಬರು ರಚಿಸಿದ್ದು, 2001ರಲ್ಲಿ ಅಮೆರಿಕ ಸರ್ಕಾರ ಪ್ರಮಾಣವೆಂದು ಅಂಗೀಕರಿಸಿದ್ದು. ಅದರ ವಿಧಾನದಲ್ಲಿ ಗುಟ್ಟೇನೂ ಇಲ್ಲ. ಯಾರು ಬೇಕಾದರೂ ಓದಬಹುದು. ಗುಟ್ಟು ಇರುವುದು ಕೀಲಿಯಲ್ಲಿ ಮಾತ್ರ. ವಿಧಾನ ಶತ್ರುವಿನ ಕೈಗೆ ಸಿಕ್ಕಿದರೂ ಕೀಲಿಯೊಂದು ಕ್ಷೇಮವಾಗಿದ್ದರೆ ಸಾಕು ಎನ್ನುವಂತಿರಬೇಕೆಂದು 1883ರಲ್ಲಿ ಹೇಳಿದವನು ಕೆರ್ಕ್‌ಹಾಫ್ಸ್. ಪ್ಯಾರಿಸ್ಸಿನಲ್ಲಿದ್ದ ಅವನೂ ನಮ್ಮಂತೆ ಒಬ್ಬ ಭಾಷಾ ಅಧ್ಯಾಪಕ. ಎಇಎಸ್‌ನ ಅತ್ಯಂತ ಚಿಕ್ಕ ಕೀಲಿ 128 ಬಿಟ್ಟುಗಳದು. ಅಂಥ ಕೀಲಿಗಳು ಎಷ್ಟು ಸಾಧ್ಯವೆಂದರೆ, ಆ ಸಂಖ್ಯೆಯನ್ನು ಬರೆಯಲು 39 ಅಂಕೆಗಳು ಬೇಕು. ಸೆಕೆಂಡಿಗೆ ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸುತ್ತ ಹೋದರೂ, ಎಲ್ಲವೂ ಮುಗಿಯಲು ಈ ವಿಶ್ವದ ವಯಸ್ಸಿನ ಹತ್ತಾರು ಕೋಟಿ ಪಟ್ಟು ಕಾಲ ಹಿಡಿಯುತ್ತದೆ.

ಹಾಗಾದರೆ ಈ ಬೀಗ ಅಭೇದ್ಯವೆ? ಬೀಗವೇನೋ ಹೌದು, ಮನೆ ಅಲ್ಲ. ಕಂಪ್ಯೂಟರು ಎಚ್ಚರವಾಗಿರುವಷ್ಟು ಹೊತ್ತೂ ಕೀಲಿಯು ಅದರ ತಾತ್ಕಾಲಿಕ ಸ್ಮೃತಿಯಲ್ಲಿ ಇರಬೇಕಾಗುತ್ತದೆ. ವಿದ್ಯುತ್ತು ನಿಂತರೆ ಅಲ್ಲಿರುವುದು ಅಳಿದುಹೋಗುತ್ತದೆಂಬ ನಂಬಿಕೆಯಿತ್ತು. ಅದು ಒಡನೆ ಅಳಿಯುವುದಿಲ್ಲ, ಆ ಚಿಪ್ಪುಗಳನ್ನು ತಣ್ಣಗೆ ಕೊರೆಯುವಂತೆ ಮಾಡಿದರೆ ನಿಮಿಷಗಟ್ಟಲೆ ಉಳಿದಿರುತ್ತದೆ ಎಂದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಂಗಡಿಗರೂ ತೋರಿಸಿ, ಕೀಲಿಯನ್ನೂ ಹೊರತೆಗೆದರು. ಕೆಲವು ಲ್ಯಾಪ್‌ಟಾಪುಗಳಲ್ಲಿ ಕೀಲಿಯನ್ನು ಕಾಯುವ ಚಿಪ್ಪು ಬೇರೆ, ಕೆಲಸ ಮಾಡುವ ಚಿಪ್ಪು ಬೇರೆ. ಎರಡರ ನಡುವಣ ತಂತಿಯಲ್ಲಿ ಕೀಲಿ ಬಯಲಾಗಿಯೇ ಓಡಾಡುತ್ತದೆ. 2024ರಲ್ಲಿ ಸಂಶೋಧಕನೊಬ್ಬ ಅಗ್ಗದ ಪುಟ್ಟ ಸಲಕರಣೆಯೊಂದರಿಂದ ಒಂದು ಹಳೆಯ ಯಂತ್ರದ ಕೀಲಿಯನ್ನು ಒಂದು ನಿಮಿಷದೊಳಗೆ ಓದಿ ತೋರಿಸಿದ. ಯಂತ್ರ ಏಳುವ ಮೊದಲೇ ಒಂದು ಗುಟ್ಟಿನ ಸಂಖ್ಯೆ ಕೇಳುವಂತೆ ಏರ್ಪಡಿಸಿದ್ದರೆ ಆ ಆಟ ನಡೆಯುತ್ತಿರಲಿಲ್ಲ.

ಇದೆಲ್ಲಕ್ಕಿಂತ ಸುಲಭವಾದ ದಾರಿಯೂ ಉಂಟು. 2013ರ ಅಕ್ಟೋಬರಿನಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಕುಳಿತಿದ್ದ ಒಬ್ಬನನ್ನು ಅಮೆರಿಕದ ಪೊಲೀಸರು ಹಿಡಿದರು. ಅಂತರ್ಜಾಲದಲ್ಲಿ ಮಾದಕ ವಸ್ತುಗಳ ಸಂತೆ ನಡೆಸುತ್ತಿದ್ದವನು ಅವನು. ಪೊಲೀಸರು ಅವನ ಗಮನವನ್ನು ಅತ್ತ ಸೆಳೆದು, ತೆರೆದಿದ್ದ ಲ್ಯಾಪ್‌ಟಾಪನ್ನು ಮುಚ್ಚಗೊಡದೆ ಕಿತ್ತುಕೊಂಡರು. ಒಂದು ಸಲ ಮುಚ್ಚಿದ್ದರೆ ಕೋಟೆಯ ಬಾಗಿಲು ಬೀಳುತ್ತಿತ್ತೆಂದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಜನ ಯಂತ್ರವನ್ನು ಆರಿಸದೆ ಮಲಗಿಸಿ, ಗುಟ್ಟಿನ ಮಾತನ್ನು ಚೀಟಿಯಲ್ಲಿ ಬರೆದು ಅದರ ಬೆನ್ನಿಗೇ ಅಂಟಿಸಿ, ಭದ್ರವಾಗಿದ್ದೇವೆಂದು ನಂಬಿರುತ್ತೇವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದು ಹೊಸ ಅರ್ಥ.

ಇಷ್ಟಾಯಿತು ಬಲಾಬಲದ ಮಾತು. ಆ ತಾಯಿಯ ಪ್ರಶ್ನೆ ಹಾಗೆಯೇ ಉಳಿಯಿತು. ಅದರಲ್ಲಿ ಎರಡು ಪ್ರಶ್ನೆಗಳಿವೆ. ಅಡಗಿಸುವುದೇನೂ ಇಲ್ಲದವನಿಗೆ ಬೀಗವೇಕೆ ಎಂಬುದು ಮೊದಲನೆಯದು. ಗುಟ್ಟು ಬೇರೆ, ಪಾಪ ಬೇರೆ. ಮಗಳಿಗೆ ಬರೆದ ಕಾಗದದಲ್ಲಿ ಪಾಪವೇನಿದೆ? ಆದರೂ ಅದನ್ನು ಬಸ್ಸಿನಲ್ಲಿ ಪಕ್ಕದವನು ಇಣುಕಿ ಓದಿದರೆ ನಮಗೆ ಸಹಿಸದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಸಾರಿದರು. ಆದುದರಿಂದ ಬೀಗ ಹಾಕಿಕೊಂಡವನು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಎರಡನೆಯದು ಕಠಿನ. ಬೀಗಕ್ಕೆ ಮುಖಗಳ ಗುರುತು ತಿಳಿಯದು. ಬ್ರೆಜಿಲ್ ದೇಶದಲ್ಲಿ 2008ರಲ್ಲಿ ಬ್ಯಾಂಕರೊಬ್ಬನ ಮನೆಯಿಂದ ವಶಪಡಿಸಿಕೊಂಡ ಡಿಸ್ಕುಗಳನ್ನು ಅಲ್ಲಿನ ತಜ್ಞರೂ, ಅನಂತರ ಅಮೆರಿಕದ ಎಫ್‌ಬಿಐನವರೂ ತಿಂಗಳುಗಟ್ಟಲೆ ಹೆಣಗಿ, ತೆರೆಯಲಾರದೆ ಬಿಟ್ಟರು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಪ್ರಕರಣವು, ದೇಶದ ಭದ್ರತೆಯೇ ಮೊದಲಾದ ಕಾರಣಗಳಿಗಾಗಿ ಗೂಢಲಿಪಿ ಬಿಡಿಸಿಕೊಡಲು ಆಜ್ಞಾಪಿಸಬಹುದೆಂದೂ, ನೆರವಾಗದವರಿಗೆ ಏಳು ವರ್ಷದವರೆಗೆ ಸೆರೆವಾಸವೆಂದೂ ಹೇಳುತ್ತದೆ. ಆದರೆ ಆಜ್ಞೆ ತಲುಪುವುದು ಮನುಷ್ಯನಿಗೆ, ಗಣಿತಕ್ಕಲ್ಲ. ಸಜ್ಜನರಿಗೆ ಮಾತ್ರ ತೆರೆಯುವ ಇನ್ನೊಂದು ಕೀಲಿಯನ್ನು ಮಾಡಿಡಬಾರದೆ ಎಂದು ಕೇಳುವವರಿದ್ದಾರೆ. ಆ ಕೀಲಿ ದುರ್ಜನನ ಕೈಗೆ ಸಿಕ್ಕಿದ ದಿನ ಅವನಿಗೂ ತೆರೆಯುತ್ತದೆ. ಕಳ್ಳನಿಗೆ ಜಗ್ಗದ ಬೀಗ ಹೆಂಡತಿಯ ಕಣ್ಣೀರಿಗೂ ಜಗ್ಗದು. ಅದರ ಬಲವೂ ಅದೇ, ಕ್ರೌರ್ಯವೂ ಅದೇ. ಒಂದನ್ನು ಕಳೆದು ಇನ್ನೊಂದನ್ನು ಉಳಿಸಿಕೊಳ್ಳಲು ಬಾರದು.

ಹಿಂದೆ ಮನೆಯ ಹಿರಿಯರು ಪೆಟ್ಟಿಗೆಯ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು. ಅವರು ಸತ್ತರೆ ಬೀಗದಕೈ ಸಿಗುತ್ತಿತ್ತು; ಸಿಗದಿದ್ದರೆ ಕಮ್ಮಾರನಿದ್ದ. ಈ ಹೊಸ ಪೆಟ್ಟಿಗೆಗೆ ಕಮ್ಮಾರನಿಲ್ಲ. ಆದ್ದರಿಂದ ಬೀಗಕ್ಕಿಲ್ಲದ ವಿವೇಕವನ್ನು ಬೀಗ ಹಾಕುವವನೇ ತರಬೇಕು. ಯಾವುದು ನನ್ನೊಡನೆ ಹೋಗಬೇಕು, ಯಾವುದು ನನ್ನ ನಂತರವೂ ಇರಬೇಕು ಎಂದು ವಿಂಗಡಿಸುವುದು ಬದುಕಿರುವಾಗಲೇ ಆಗಬೇಕಾದ ಕೆಲಸ. ಮೇಷ್ಟರ ಸ್ವಂತ ಕಾಗದಪತ್ರಗಳ ಮೇಲೆ ಹಕ್ಕು ಅವರದು. ಆ ಶಬ್ದಗಳು ಮಾತ್ರ ಅವರವಲ್ಲ. ಅವನ್ನು ಆಡಿದ ರೈತರವು, ಮುಂದೆ ಕೇಳಬೇಕಾದ ಮಕ್ಕಳವು. ಇತರರ ಸೊತ್ತನ್ನು ಕಾಯುವವನು ಕೀಲಿಯನ್ನು ಒಬ್ಬನೇ ಇಟ್ಟುಕೊಳ್ಳಬಾರದು. ಮೇಷ್ಟರನ್ನು ದೂರಲಾರೆ, ತಮ್ಮ ಯಂತ್ರಕ್ಕೆ ಇಂಥದೊಂದು ಬೀಗವಿದೆಯೆಂದು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಈಗ ತಿಳಿದ ನಮಗೆ ಆ ನೆವವಿಲ್ಲ.

ಆ ರಾತ್ರಿ ನನ್ನ ಯಂತ್ರದ 48 ಅಂಕೆಗಳನ್ನು ಹುಡುಕಿ ತೆಗೆದು, ಕಾಗದದಲ್ಲಿ ದುಂಡಗೆ ಬರೆದು ಹೆಂಡತಿಗೆ ಕೊಟ್ಟೆ. "ಇದೇನು, ಲಾಟರಿಯೆ?" ಎಂದಳು. ವಿಷಯ ಹೇಳಿದೆ. ಮಾತಾಡದೆ ಅದನ್ನು ಮನೆಯ ಪತ್ರಗಳಿರುವ ಟ್ರಂಕಿನಲ್ಲಿಟ್ಟಳು. ಆ ಟ್ರಂಕಿನ ಬೀಗದಕೈ ಅವಳ ಹತ್ತಿರವೇ ಇದೆ.

ಮೇಷ್ಟರ ಲ್ಯಾಪ್‌ಟಾಪು ಅವರ ಮೇಜಿನ ಮೇಲೆಯೇ ಇದೆ. ಅಮ್ಮನವರು ದಿನವೂ ಅದರ ಧೂಳು ಒರೆಸುತ್ತಾರೆ. ಹೋದ ಭಾನುವಾರ ನಾನು ಅವರ ಊರಿನ ಬಸ್ಸು ಹತ್ತಿ, ನೂರು ಖಾಲಿ ಚೀಟಿಗಳೊಡನೆ ಮತ್ತೆ ಮೊದಲಿನಿಂದ ಪ್ರಾರಂಭಿಸಿದ್ದೇನೆ. ಮೇಷ್ಟರಿಗೆ ಮಾತು ಹೇಳಿದ ಮುದುಕರಲ್ಲಿ ಈಗ ಉಳಿದಿರುವವರು ಮೂವರು.